ಹಳೆಯ ಹೆಸರೂ ಉಳಿಯಲಿ

ದೊಡ್ಡನೆಕ್ಕುಂದಿಯ ಕೆರೆಯ ಆಸುಪಾಸಿನಲ್ಲಿ ಒಂದು ಕಾಲಕ್ಕೆ ಹೊಲಗದ್ದೆಗಳಿದ್ದುವು. ಇಂದು ಆ ಸೀಮೆಯ ಗಾಜಿನ ಕಟ್ಟಡಗಳಲ್ಲಿ ತರುಣ ತರುಣಿಯರು ಕಂಪ್ಯೂಟರಿನ ಮುಂದೆ ಕುಳಿತು ದೂರದೇಶಗಳ ಲೆಕ್ಕಪತ್ರಗಳನ್ನು ನೋಡಿಕೊಳ್ಳುತ್ತಾರೆ. ಗಿರಾಕಿಯೊಬ್ಬನು ಮನೆ ಬದಲಾಯಿಸಿದರೆ ಹಳೆಯ ವಿಳಾಸದ ಮೇಲೆಯೇ ಹೊಸದನ್ನು ಬರೆಯುವುದು ಕ್ಷಣಮಾತ್ರದ ಕೆಲಸ. ಬರೆದೊಡನೆಯೇ ಹಳೆಯದು ಮಾಯ. ಅದರ ಕುರುಹೂ ಉಳಿಯದು.

ಆದರೆ ಅವರು ಕುಳಿತಿರುವ ನೆಲದ ದಾಖಲೆ ಬೇರೊಂದು ಪದ್ಧತಿಯಲ್ಲಿ ಬೆಳೆದು ಬಂದುದು. ಕೈಬರಹದ ಪಹಣಿಯಲ್ಲಿ ಜಮೀನು ಕೈ ಬದಲಾದಾಗ ಹಳೆಯ ಹೆಸರನ್ನು ಕೆರೆದು ತೆಗೆಯುತ್ತಿರಲಿಲ್ಲ. ಅದಕ್ಕೆ ಗೆರೆಯನ್ನೋ ಸುತ್ತನ್ನೋ ಹಾಕಿ, ಹೊಸ ಹೆಸರು ಬರೆದು, ಪಕ್ಕದಲ್ಲಿ ಎಂ.ಆರ್. ಸಂಖ್ಯೆಯನ್ನು ನಮೂದಿಸುತ್ತಿದ್ದರು. ಆ ಸಂಖ್ಯೆಯನ್ನು ಹಿಡಿದು ಮ್ಯುಟೇಷನ್ ರಿಜಿಸ್ಟರನ್ನು ತೆರೆದರೆ ಕ್ರಯವೋ, ದಾನವೋ, ಪೌತಿಯೋ, ವಿಭಾಗವೋ ಎಂಬುದು ತಿಳಿಯುತ್ತಿದ್ದಿತು. ಹೊಡೆದ ಗೆರೆಯ ಕೆಳಗಿನ ಹೆಸರನ್ನು ಮೊಮ್ಮಗನೂ ಓದಬಹುದಾಗಿದ್ದಿತು.

ಇದರಿಂದ ಯಾರಿಗೆ ಲಾಭ? ರೈತನು ಕಾಲವಾಗಿ, ಜಮೀನು ಗಂಡುಮಕ್ಕಳ ಹೆಸರಿಗೆ ಆಗಿರುತ್ತದೆ. ಕೊಟ್ಟ ಮನೆಗೆ ಹೋದ ಮಗಳು ವರ್ಷಗಳ ತರುವಾಯ ತನ್ನ ಪಾಲನ್ನು ಕೇಳುತ್ತಾಳೆ. 2005ರ ತಿದ್ದುಪಡಿಯಂತೆ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದಿಂದ ಅಥವಾ ನ್ಯಾಯಾಲಯದ ಡಿಕ್ರಿಯಿಂದ ವಿಭಾಗವಾಗಿದ್ದರೆ ಅದನ್ನು ಕದಲಿಸುವಂತಿಲ್ಲ. ಆದುದರಿಂದ ಇಲ್ಲಿ ಏಳುವ ಪ್ರಶ್ನೆ, ಇಂದು ಹೆಸರು ಯಾರದು ಎಂಬುದಷ್ಟೇ ಅಲ್ಲ. ಆ ದಿನ ಯಾರದಾಗಿದ್ದಿತು, ಯಾವ ಆಧಾರದಿಂದ ಬದಲಾಯಿತು ಎಂಬುದು. ಪಹಣಿಯೇ ಹಕ್ಕುಪತ್ರವಲ್ಲ, ನಿಜ. ಆದರೂ ಸುಳ್ಳೆಂದು ಸಾಬೀತಾಗುವ ತನಕ ಅದರ ನಮೂದನ್ನು ನಿಜವೆಂದೇ ಎಣಿಸಬೇಕೆಂದು ಕರ್ನಾಟಕ ಭೂಕಂದಾಯ ಕಾಯಿದೆಯ 133ನೆಯ ಕಲಮು ಹೇಳುತ್ತದೆ. ಹಳೆಯ ಸಾಲು ಅಳಿಸಿಹೋಗಿದ್ದರೆ ಆ ಹೆಣ್ಣುಮಗಳು ಯಾವುದನ್ನು ತೋರಿಸಿಯಾಳು?

ಕಂಪ್ಯೂಟರಿಗೂ ಈ ಶಿಸ್ತನ್ನು ಕಲಿಸಬಹುದು. ಪ್ರತಿಯೊಂದು ಸಾಲಿಗೂ 'ಇಂದಿನಿಂದ', 'ಇಂದಿನವರೆಗೆ' ಎಂದು ಎರಡು ತಾರೀಖುಗಳನ್ನು ಕೊಟ್ಟರಾಯಿತು. ಬದಲಾವಣೆ ಬಂದಾಗ ಹಳೆಯ ಸಾಲಿಗೆ ಮುಕ್ತಾಯದ ತಾರೀಖು ಬೀಳುತ್ತದೆ. ಹೊಸ ಸಾಲು ಕೆಳಗೆ ಸೇರುತ್ತದೆ. ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ತಂದೆ ತೀರಿಕೊಂಡುದು ಒಂದು ದಿನ, ಕಚೇರಿಯ ಪುಸ್ತಕಕ್ಕೆ ಅದು ಏರಿದುದು ಮತ್ತೊಂದು ದಿನ. ನಡುವೆ ಹತ್ತು ವರ್ಷ ಕಳೆದಿರಲೂಬಹುದು. ಘಟನೆಯ ಕಾಲವನ್ನೂ ಬರಹದ ಕಾಲವನ್ನೂ ಬೇರೆ ಬೇರೆಯಾಗಿ ಇಟ್ಟರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ದತ್ತಾಂಶ ಕೋಶಗಳ ಭಾಷೆಯಾದ ಎಸ್‌ಕ್ಯೂಎಲ್‌ನ ಅಂತರರಾಷ್ಟ್ರೀಯ ನಿಯಮಾವಳಿಗೆ ಈ ಎರಡೂ ಸೇರಿದುದು 2011ರಲ್ಲಿ.

ಕರ್ನಾಟಕದ 'ಭೂಮಿ' ಯೋಜನೆ ಈ ಶತಮಾನದ ಆರಂಭದಲ್ಲಿಯೇ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ತಿದ್ದುವ ಅಧಿಕಾರಿಯ ಬೆರಳಚ್ಚನ್ನು ಅದು ಕೇಳಿತು. ಯಾರು ತಿದ್ದಿದರೆಂಬುದೂ ದಾಖಲೆಯೇ ಅಲ್ಲವೆ? ಅದಕ್ಕೂ ಹಿಂದಿನ ಕೈಬರಹದ ಕಡತಗಳು ತಾಲ್ಲೂಕು ಕಚೇರಿಗಳ ರೆಕಾರ್ಡು ಕೊಠಡಿಗಳಲ್ಲಿ ಉಳಿದುವು. ಅವುಗಳ ಚಿತ್ರ ತೆಗೆದಿಡಲೆಂದು 2024ರಲ್ಲಿ 'ಭೂ ಸುರಕ್ಷಾ' ಯೋಜನೆ ಆರಂಭವಾಯಿತು.

ಹಾಗೆಂದು ಎಲ್ಲವನ್ನೂ ಎಂದೆಂದಿಗೂ ಕೂಡಿಡಬೇಕೆಂದಲ್ಲ. ಅಂಗಡಿಯವನಿಗೆ ಕೊಟ್ಟ ಫೋನ್ ನಂಬರು ಅವನ ಬಳಿ ಶಾಶ್ವತವಾಗಿರಲು ಕಾರಣವಿಲ್ಲ. ಅಂಥದನ್ನು ಅಳಿಸುವಂತೆ ಕೇಳುವ ಹಕ್ಕನ್ನು 2023ರ ವೈಯಕ್ತಿಕ ದತ್ತಾಂಶ ಕಾಯಿದೆ ಹೇಳಿದೆ. ಕಾನೂನಿನಂತೆ ಇಡಲೇಬೇಕಾದುದಕ್ಕೆ ಆ ಮಾತು ಸಲ್ಲದು. ಪರರ ಹಕ್ಕು ಯಾವುದನ್ನು ಆಧರಿಸಿದೆಯೋ ಅದನ್ನು ಅಳಿಸಬಾರದು. ಇಷ್ಟು ವಿವೇಕ ಸಾಕು.

ಗಾಜಿನ ಕಟ್ಟಡದ ಆ ತರುಣನೂ ಒಂದು ದಿನ ನಿವೇಶನ ಕೊಳ್ಳಲು ಹೊರಡುತ್ತಾನೆ. ಆಗ ವಕೀಲರು ಮೊದಲು ಕೇಳುವುದು ಹಳೆಯ ಪಹಣಿಗಳನ್ನು, ಹಿಂದಿನ ವರ್ಷಗಳ ಇ.ಸಿ.ಯನ್ನು. ಎಂದೋ ಯಾರೋ ಗೆರೆ ಎಳೆದೂ ಅಳಿಸದೆ ಬಿಟ್ಟ ಹೆಸರನ್ನು ಅಂದು ಅವನು ಮನಸ್ಸಿಟ್ಟು ಓದುತ್ತಾನೆ.