ಲೆಕ್ಕಕ್ಕೆ ಸಿಗದ ಗಾಂಧಾರ

ಸಂಗೀತಶಾಸ್ತ್ರ ಕಲಿಸುವ ಮೊಬೈಲ್ ಆ್ಯಪ್ ಮಾಡಹೊರಟವರಿಗೆ ಕರ್ನಾಟಕ ಸಂಗೀತ ಮೊದಲ ನೋಟಕ್ಕೆ ವರವಾಗಿಯೇ ಕಾಣುತ್ತದೆ. ಹದಿನೇಳನೆಯ ಶತಮಾನದಲ್ಲಿ ವೆಂಕಟಮಖಿ ‘ಚತುರ್ದಂಡೀಪ್ರಕಾಶಿಕೆ’ಯಲ್ಲಿ ಹಾಕಿಕೊಟ್ಟ ಮೇಳಪದ್ಧತಿ ಅಪ್ಪಟ ಗಣಿತ: ರಿ-ಗ ಜೋಡಿಗಳು ಆರು, ದ-ನಿ ಜೋಡಿಗಳು ಆರು, ಮಧ್ಯಮಗಳು ಎರಡು, ಗುಣಿಸಿದರೆ 72. ಆಮೇಲೆ ಬಂದ ಕಟಪಯಾದಿ ಹೆಸರುಗಳಂತೂ ಪ್ರೋಗ್ರಾಂ ಬರೆಯುವವರಿಗಾಗಿಯೇ ಇಟ್ಟಂತಿವೆ. ಮಾಯಾಮಾಳವಗೌಳದ ‘ಮಾ’ ಐದು, ‘ಯಾ’ ಒಂದು. ತಿರುಗಿಸಿದರೆ ಮೇಳಸಂಖ್ಯೆ 15. ಏಳು ತಾಳ, ಐದು ಜಾತಿ, ಒಟ್ಟು 35. ಇದನ್ನೆಲ್ಲ ಬಣ್ಣದ ಚಕ್ರವಾಗಿ, ಸರಿಯುತ್ತರಕ್ಕೆ ಅಂಕ ಕೊಡುವ ಆಟವಾಗಿ ಮಾಡುವುದು ಕಷ್ಟವಲ್ಲ, ಮಾಡಬೇಕಾದದ್ದೂ ಹೌದು. ಆದರೆ ಲೆಕ್ಕಕ್ಕೆ ಸಿಕ್ಕಿದ್ದಷ್ಟೇ ಶಾಸ್ತ್ರ ಎಂದು ಕಲಿಯುವವರು ನಂಬಿಬಿಟ್ಟರೆ ಆ್ಯಪ್ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡುತ್ತದೆ.

ಆರಭಿ ಮತ್ತು ದೇವಗಾಂಧಾರಿಯನ್ನು ತೆಗೆದುಕೊಳ್ಳಿ. ಎರಡೂ 29ನೆಯ ಮೇಳ ಧೀರಶಂಕರಾಭರಣದ ಜನ್ಯಗಳು. ಎರಡಕ್ಕೂ ಆರೋಹಣ ಸ ರಿ ಮ ಪ ದ ಸ, ಅವರೋಹಣ ಸ ನಿ ದ ಪ ಮ ಗ ರಿ ಸ. ಕೋಷ್ಟಕವನ್ನು ಕೇಳಿದರೆ ಇವೆರಡು ಒಂದೇ ರಾಗ. ಕೇಳುಗರನ್ನು ಕೇಳಿದರೆ ಒಂದು ಸಂಗತಿ ಮುಗಿಯುವುದರೊಳಗೆ ಯಾವುದು ಯಾವುದೆಂದು ಹೇಳುತ್ತಾರೆ. ಆರಭಿ ಚುರುಕಾಗಿ, ಸ್ವರಗಳನ್ನು ಹೆಚ್ಚು ಅಲುಗಿಸದೆ ಸಾಗುತ್ತದೆ. ದೇವಗಾಂಧಾರಿ ನಿಧಾನ, ದೀರ್ಘ ಸ್ವರಗಳನ್ನು ಕಂಪಿತದಲ್ಲಿ ತೂಗುತ್ತದೆ. ತೋಡಿಯ ಗಾಂಧಾರವೋ ತನಗೆ ಗೊತ್ತುಮಾಡಿದ ಸ್ಥಾನದಲ್ಲಿ ನಿಲ್ಲುವುದೇ ಅಪರೂಪ. ಬರಿಯ ಸ್ವರಾಕ್ಷರ ಸಾಲದೆಂದು ಬಲ್ಲವರಿಗೆ ಎಂದೋ ಗೊತ್ತಿತ್ತು. 1904ರಲ್ಲಿ ಹೊರಬಂದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಸುಬ್ಬರಾಮ ದೀಕ್ಷಿತರು ಗಮಕಗಳಿಗೆ ಬೇರೆ ಬೇರೆ ಚಿಹ್ನೆಗಳನ್ನೇ ಕೊಟ್ಟಿದ್ದಾರೆ. ಅಚ್ಚಿನ ಪುಸ್ತಕ ಪಟ್ಟ ಆ ಶ್ರಮವನ್ನು ಧ್ವನಿಯನ್ನೇ ನುಡಿಸಬಲ್ಲ ಯಂತ್ರ ಪಡದಿದ್ದರೆ ಅದಕ್ಕೆ ನೆಪವಿಲ್ಲ.

ಹಾಡಿದ್ದನ್ನು ಕೇಳಿ ಸರಿ-ತಪ್ಪು ಹೇಳುವ ಆ್ಯಪ್‌ಗಳದ್ದು ಇನ್ನೂ ಸೂಕ್ಷ್ಮವಾದ ತೊಡಕು. ಒಂದು ಸ್ಥಾಯಿಯನ್ನು 1200 ಸೆಂಟ್‌ಗಳಾಗಿ ಭಾಗಿಸುವ ಅಳತೆಯಲ್ಲಿ, ಷಡ್ಜದೊಂದಿಗೆ 5:4 ಅನುಪಾತದಲ್ಲಿ ಕೂಡುವ ಅಂತರ ಗಾಂಧಾರ ಸುಮಾರು 386ಕ್ಕೆ ಬರುತ್ತದೆ. ತಂಬೂರಿಯ ನಾದದೊಳಗೇ ಕೇಳಿಬರುವ ಗಾಂಧಾರ ಅದು. ಪಾಶ್ಚಾತ್ಯ ಕೀಬೋರ್ಡಿನ ಸಮಭಾಗದ ಶ್ರುತಿಯಲ್ಲಿ ಅದೇ ಸ್ವರ 400. ಕೀಬೋರ್ಡಿನ ಅಳತೆಯನ್ನೇ ನೆಚ್ಚಿದ ಆ್ಯಪ್, ತಂಬೂರಿಗೆ ಸೇರಿಸಿ ಹಾಡಿದ ಮಗುವಿಗೆ ‘ಸ್ವರ ತಗ್ಗಿದೆ’ ಎಂದು ಕೆಂಪು ಗುರುತು ತೋರಿಸುತ್ತದೆ. ಮಗು ಸರಿಯಾಗಿದ್ದದ್ದನ್ನು ಕೆಡಿಸಿಕೊಳ್ಳುತ್ತದೆ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂಗೆ ಬಾಗಿಲು ಮುಚ್ಚಿ 1971ರವರೆಗೂ ತೆರೆಯಲಿಲ್ಲ. ಅದರ ಹಿಂದೆ ಬೇರೆ ಕಾರಣಗಳೂ ಇದ್ದವು, ನಿಷೇಧ ಅತಿಯಾಯಿತೆಂದೇ ನನ್ನ ಅಭಿಪ್ರಾಯ. ಆದರೆ ಕಟ್ಟಿಟ್ಟ ಶ್ರುತಿಗೆ ನಮ್ಮ ಸ್ವರ ಒಗ್ಗದು ಎಂಬ ಆಗಿನ ದೂರು ಸುಳ್ಳಾಗಿರಲಿಲ್ಲ. ಅದೇ ಕೀಲಿಮಣೆಯನ್ನು ಈಗ ಫೋನಿನೊಳಗೆ, ಅದೂ ಪರೀಕ್ಷಕನ ಪೀಠದಲ್ಲಿ ಕೂರಿಸುವುದು ಬೇಡ.

ಹಾಗಿದ್ದರೆ ಗುರುಮುಖೇನ ಕಲಿತರಾಯಿತು, ಆ್ಯಪ್ ಏಕೆ ಎನ್ನುವವರಿದ್ದಾರೆ. ಎಲೆಕ್ಟ್ರಾನಿಕ್ ತಂಬೂರಿ ಬಂದಾಗಲೂ ಮೂಗು ಮುರಿದವರುಂಟು; ಇವತ್ತು ಅದಿಲ್ಲದ ಪಾಠದ ಮನೆ ವಿರಳ. ತಾಲ್ಲೂಕು ಊರಿನ ಹುಡುಗಿಗೂ ಡಲ್ಲಾಸಿನ ಕನ್ನಡ ಹುಡುಗನಿಗೂ ಗುರು ಸಿಗುವುದು ಹೆಚ್ಚಾಗಿ ವಾರಕ್ಕೊಮ್ಮೆ. ಉಳಿದ ಆರು ದಿನ ತಪ್ಪನ್ನೇ ಸಾಧಕ ಮಾಡಿದರೆ ಏಳನೆಯ ದಿನ ಗುರುವಿನ ಕೆಲಸ ಇಮ್ಮಡಿ. ಆ್ಯಪ್‌ಗೆ ಕೆಲಸವಿರುವುದು ಆ ಆರು ದಿನಗಳಲ್ಲಿ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಸರಳೆ, ಜಂಟಿ ವರಸೆಗಳನ್ನು ಮಾಯಾಮಾಳವಗೌಳದಲ್ಲಿ ನೇರ ಸ್ವರಗಳಲ್ಲೇ ಕಲಿಸುತ್ತೇವಲ್ಲ, ಆರಂಭದಲ್ಲೇ ಗಮಕದ ಗೋಜೇಕೆ? ಒಪ್ಪತಕ್ಕ ಮಾತು. ಮೊದಲ ಹಂತದಲ್ಲಿ ಆ್ಯಪ್ ಸ್ವರಸ್ಥಾನವನ್ನೇ ಅಳೆಯಲಿ, ಮಗುವಿನ ಶ್ರುತಿಗೆ ಹೊಂದಿಕೊಂಡು, ತುಸು ಸಡಿಲವಾಗಿ ಅಳೆಯಲಿ. ಗೀತೆ, ಸ್ವರಜತಿ ದಾಟಿ ವರ್ಣಕ್ಕೆ ಬಂದ ಮೇಲೂ ಅದೇ ಅಳತೆಗೋಲು ಹಿಡಿದರೆ ಮಾತ್ರ ತಕರಾರು.

ಆಮೇಲಿನ ಪಾಠ ಸ್ವರದಿಂದ ಸಂಚಾರಕ್ಕೆ ದಾಟಬೇಕು. ಪರದೆಯ ಮೇಲೆ ಏನನ್ನೂ ತೋರಿಸದೆ ಎರಡು ಸಂಚಾರ ಕೇಳಿಸಿ, ರಾಗ ಒಂದೋ ಎರಡೋ ಎಂದು ಕೇಳಿ. ಆರೋಹಣ-ಅವರೋಹಣ ಕಾಣಿಸುವುದು ಉತ್ತರ ಕೊಟ್ಟ ಮೇಲೆ. ಜೂನಿಯರ್, ಸೀನಿಯರ್ ಪರೀಕ್ಷೆಗೆಂದು ರಾಗಲಕ್ಷಣವನ್ನು ಉರುಹೊಡೆಯುವ ಮಕ್ಕಳಿಗೆ ಇದೊಂದೇ ಅಭ್ಯಾಸ ಬೇಕಾದಷ್ಟು ಕಲಿಸೀತು. ತಾಳದ ಪಾಠಕ್ಕೆ ಒಂದು ಎಚ್ಚರಿಕೆ: ಬ್ಲೂಟೂತ್ ಇಯರ್‌ಫೋನಿನಲ್ಲಿ ಶಬ್ದ ತಡವಾಗಿ ತಲುಪುವುದರಿಂದ ಸರಿಯಾಗಿ ಹಾಕಿದ ಪೆಟ್ಟೂ ತಪ್ಪಾಗಿ ದಾಖಲಾಗಬಹುದು. ಆ್ಯಪ್ ಕಟ್ಟುವವರಲ್ಲಿ ನಮ್ಮ ಕೋರಿಕೆ ಇಷ್ಟೇ: ಮಾದರಿ ಧ್ವನಿಗೆ ಕೀಬೋರ್ಡ್ ಬೇಡ, ಹಾಡುವವರನ್ನು ಕರೆಸಿ; ವಿದ್ವಾಂಸರನ್ನು ಉದ್ಘಾಟನೆಗಲ್ಲ, ಮೊದಲ ದಿನದ ಕೆಲಸಕ್ಕೇ ಕರೆಯಿರಿ. ಕನ್ನಡದಲ್ಲಿ ಅಂಥದೊಂದು ಆ್ಯಪ್ ಸಿದ್ಧವಾಗುತ್ತಿದ್ದರೆ ನಮಗೆ ಬರೆದು ತಿಳಿಸಿ. ಪುಸ್ತಕಗಳಿಗೆ ಕೊಡುವಷ್ಟೇ ಜಾಗವನ್ನು ಅದರ ವಿಮರ್ಶೆಗೂ ಕೊಡುತ್ತೇವೆ.