ಉಣ್ಣುವ ಸಾಲ

ಬೀಜಕ್ಕೆ, ಗೊಬ್ಬರಕ್ಕೆ, ಎತ್ತಿಗೆ ಕೊಡುವ ಸಾಲವು ಉತ್ಪಾದಕವೆಂತಲೂ ಗಂಜಿಗೆ ಕೊಡುವುದು ದುಂದೆಂತಲೂ ಸಾಲ ಕೊಡುವವರು ಸಾಮಾನ್ಯವಾಗಿ ಎಣಿಸುತ್ತಾರೆ. ಈ ಎಣಿಕೆಯು ಎಷ್ಟರ ಮಟ್ಟಿಗೆ ಸರಿಯೆಂಬುದನ್ನು ಆಫ್ರಿಕಾ ಖಂಡದ ಜಾಂಬಿಯಾ ದೇಶದಲ್ಲಿ ನಡೆದ ಪ್ರಯೋಗವೊಂದರಿಂದ ತಿಳಿಯಬಹುದಾಗಿದೆ.

ಆ ದೇಶದ ಪೂರ್ವ ಪ್ರಾಂತದ ರೈತನಿಗೆ ವರ್ಷಕ್ಕೊಂದೇ ಮಳೆಗಾಲ. ಮೆಕ್ಕೆಜೋಳದ ಸುಗ್ಗಿಯು ಮೇ ತಿಂಗಳ ಸುಮಾರಿಗೆ. ಜನವರಿಯಿಂದ ಮಾರ್ಚಿನವರೆಗೆ ಕಣಜವು ಬರಿದು. ಹೊಲದಲ್ಲಿ ಕಳೆಯೇಳುವುದೂ ಆಗಲೇ. ಆಗ ಅವನು ತನ್ನ ಹೊಲವನ್ನು ಹಾಗೆಯೇ ಬಿಟ್ಟು, ಅಂದಿನ ಹಿಟ್ಟಿಗಾಗಿ ಉಳ್ಳವರ ಹೊಲದಲ್ಲಿ ಕಳೆ ಕೀಳುವನು. ಈ ಕೂಲಿಗೆ ಅಲ್ಲಿ ‘ಗನ್ಯು’ ಎಂದು ಹೆಸರು. ಊರಿಗೆ ಊರೇ ಒಮ್ಮೆಗೆ ಕೂಲಿಗೆ ನಿಂತರೆ ದರವು ಇಳಿಯದೆ ಏನಾದೀತು? ಸ್ವಂತ ಬೆಳೆಯೂ ಸೊರಗಿ, ಮುಂದಿನ ವರ್ಷದ ಹಸಿವೆಯನ್ನು ಈ ವರ್ಷವೇ ಬಿತ್ತಿದಂತಾಗುವುದು.

ಅಲ್ಲಿನ ಚಿಪಾಟಾ ಜಿಲ್ಲೆಯಲ್ಲಿ ಸಂಶೋಧಕರು 2014 ರಿಂದ ಎರಡು ವರ್ಷ ಈ ಕೊರತೆಯ ಕಾಲದಲ್ಲಿಯೇ ಸಂಸಾರಗಳಿಗೆ 200 ಕ್ವಾಚಾ ನಗದನ್ನೋ 3 ಚೀಲ ಜೋಳವನ್ನೋ ಕೊಟ್ಟು, ಸುಗ್ಗಿಯ ಮೇಲೆ 260 ಕ್ವಾಚಾ ಇಲ್ಲವೆ 4 ಚೀಲ ತೀರಿಸತಕ್ಕದ್ದೆಂದು ಗೊತ್ತುಮಾಡಿದರು. ಬಡ್ಡಿಯೇನೂ ಹಗುರವಲ್ಲ; ನಮ್ಮ ಸಾಹುಕಾರರು ಕಂಡು ಮೆಚ್ಚುವಂತಹುದೇ. ಆದರೂ ಜನರು ಸಾಲ ಪಡೆದರು, ಬಹುಪಾಲು ತೀರಿಸಿದರು. 2020 ರಲ್ಲಿ ಪ್ರಕಟವಾದ ವಿವರದಂತೆ ಆ ಮನೆಗಳಲ್ಲಿ ಊಟವು ಹೆಚ್ಚಿತು, ಪರರ ಹೊಲದ ದುಡಿಮೆ ತಗ್ಗಿತು, ಫಸಲು ಏರಿತು. ಕೂಲಿಗೆ ನಿಲ್ಲುವವರು ಕಡಿಮೆಯಾದುದರಿಂದ ಊರಿನ ಕೂಲಿದರವೂ ಏರಿತು. ಗಂಜಿಗೆ ಕೊಟ್ಟ ಸಾಲವು ಹೊಲಕ್ಕೇ ಸಂದಿತೆಂಬುದನ್ನು ವಾಚಕರು ಗಮನಿಸಬೇಕು.

ನಮ್ಮಲ್ಲಿ ಈ ಸಂಗತಿಗೆ ಅರ್ಧ ಮನ್ನಣೆಯಷ್ಟೇ ದೊರೆತಿದೆ. ಕಿಸಾನ್ ಕ್ರೆಡಿಟ್ ಕಾರ್ಡಿನ ಮಿತಿಯನ್ನು ಕಟ್ಟುವಾಗ ಸುಗ್ಗಿಯ ನಂತರದ ಮತ್ತು ಸಂಸಾರದ ವೆಚ್ಚಕ್ಕೆಂದು ನೂರಕ್ಕೆ 10 ರಂತೆ ಸೇರಿಸುವ ನಿಯಮವುಂಟು. ಆದರೆ ಪಹಣಿಯಲ್ಲಿ ಹೆಸರಿಲ್ಲದ ಗೇಣಿದಾರನಿಗೆ ಅದು ಎಟುಕುವುದು ವಿರಳ. ಅಂಥವರ ಮನೆಯ ಹೆಣ್ಣುಮಕ್ಕಳು ಕಿರುಸಾಲದ ಸಂಸ್ಥೆಗಳ ಮೊರೆಹೋಗುವರು. ಅಲ್ಲಿಯ ಕಂತು ವಾರಕ್ಕೋ ತಿಂಗಳಿಗೋ ಬರುವುದು. ಸುಗ್ಗಿಯ ಮುಲಾಜು ಅದಕ್ಕಿಲ್ಲ. ಕಂತಿನ ದಿನ ಹತ್ತಿರವಾದರೆ ಮನೆಯಲ್ಲಿ ಮೊದಲು ಕಡಿತವಾಗುವುದು ಬೇಳೆ ಮತ್ತು ಹಾಲು. ವಸೂಲಿಯ ಕಿರುಕುಳವನ್ನು ತಡೆಯಲು ಕರ್ನಾಟಕ ಸರ್ಕಾರವು 2025 ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನು ಹೊರಡಿಸಿದುದು ಉಚಿತವೇ ಸರಿ. ಆದರೆ ವಸೂಲಿಗಾರನನ್ನು ತಡೆದ ಮಾತ್ರಕ್ಕೆ ಕಣಜವು ತುಂಬದು. ಗ್ರಾಮಗಳ ಸಹಕಾರ ಸಂಘಗಳು ಕೊರತೆಯ ತಿಂಗಳುಗಳಲ್ಲಿ ಸಣ್ಣ ಸಾಲವನ್ನು ಧಾನ್ಯರೂಪದಲ್ಲಿ ಕೊಟ್ಟು, ಸುಗ್ಗಿಯಲ್ಲಿ ಒಂದೇ ಕಂತಿನಿಂದ ಹಿಂಪಡೆಯುವ ಏರ್ಪಾಡನ್ನು ಒಂದೆರಡು ತಾಲ್ಲೂಕುಗಳಲ್ಲಾದರೂ ಮಾಡಿ ನೋಡಲಿ. ಬಡ್ಡಿಯ ಭಾರದಲ್ಲಿ ಒಂದು ಪಾಲನ್ನು ಸರ್ಕಾರವು ಹೊರತಕ್ಕದ್ದು. ಮಳೆ ಹೋದ ವರ್ಷ ತೀರುವಳಿಯನ್ನು ಮುಂದಿನ ಸುಗ್ಗಿಗೆ ನೂಕುವ ಅಧಿಕಾರವೂ ಸಂಘಗಳಿಗೆ ಇರಬೇಕು.