ಶಾಲೆ ಬಿಟ್ಟ ಮೇಲಿನ ಓದು

ಹೆಣ್ಣು ಮಕ್ಕಳಿಗೆ ವಿದ್ಯೆಯು ಬೇಕೇ ಬೇಡವೇ ಎಂಬ ವಾದವು ನಮ್ಮ ಸೀಮೆಯಲ್ಲಿ ಮುಗಿದು ಬಹುಕಾಲವಾಯಿತು. ಶಿಕಾರಿಪುರ, ಸೊರಬ ತಾಲ್ಲೂಕುಗಳ ಹಳ್ಳಿಗಳಿಂದ ಹೊರಟು ಈ ಶಾಲೆಯಲ್ಲಿ ಓದಿದ ಸಹೋದರಿಯರು ಇಂದು ಉಪಾಧ್ಯಾಯಿನಿಯರಾಗಿಯೂ, ದಾದಿಯರಾಗಿಯೂ, ಕಚೇರಿಗಳಲ್ಲಿ ನೌಕರರಾಗಿಯೂ, ಗದ್ದೆ ತೋಟಗಳ ಲೆಕ್ಕವನ್ನು ತಾವೇ ನೋಡಿಕೊಳ್ಳುವ ಗೃಹಿಣಿಯರಾಗಿಯೂ ಇದ್ದಾರೆ. ಇದು ಸಂತೋಷಪಡತಕ್ಕ ವಿಷಯವು. ಆದರೆ ಇದರ ಹಿಂದೆಯೇ ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ. ಶಾಲೆಯನ್ನು ಬಿಟ್ಟ ಮೇಲೆ ಅವರ ಓದು ಏನಾಯಿತು? ಕಳೆದ ಒಂದು ವರ್ಷದಲ್ಲಿ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಮುಗಿಸಿದ ಕಾದಂಬರಿಯು ಯಾವುದೆಂದು ಕೇಳಿದರೆ, ನಮ್ಮಲ್ಲಿ ಎಷ್ಟು ಮಂದಿ ತಡವರಿಸದೆ ಒಂದು ಹೆಸರನ್ನು ಹೇಳಬಲ್ಲೆವು?

ಓದುವುದಕ್ಕೆ ಬಾರದೆ ನಾವು ಸುಮ್ಮನಿರುವುದಲ್ಲ. ದಿನವೆಲ್ಲ ಓದುತ್ತಲೇ ಇರುತ್ತೇವೆ. ಕೈಯಲ್ಲಿರುವ ಫೋನಿನಲ್ಲಿ ತುಂಡು ಸುದ್ದಿ, ತುಂಡು ಉಪದೇಶ, ತುಂಡು ನಗೆಮಾತು ಇವುಗಳಿಗೆ ಕೊನೆಯೇ ಇಲ್ಲ. ಚೂರುಪಾರು ತಿಂಡಿಯಿಂದ ಹಸಿವು ಕೆಡುವುದೇ ಹೊರತು ಊಟವಾಗುವುದಿಲ್ಲ. ಆದುದರಿಂದ ಈ ಸ್ಮರಣ ಸಂಚಿಕೆಯ ಮೂಲಕ ನಮ್ಮ ಹಳೆಯ ವಿದ್ಯಾರ್ಥಿನಿಯರ ಮುಂದೆ ಒಂದು ವ್ರತವನ್ನು ಇಡಲು ಬಯಸುತ್ತೇವೆ. ಅದು ವರ್ಷಕ್ಕೆ ಆರು ಶ್ರೇಷ್ಠ ಕಾದಂಬರಿಗಳನ್ನು ಓದುವ ವ್ರತವು.

ಶ್ರೇಷ್ಠ ಕಾದಂಬರಿ ಎಂದರೆ ಯಾವುದು? ದೊಡ್ಡ ಗ್ರಂಥವೆಂದಾಗಲಿ, ಪಠ್ಯಪುಸ್ತಕವಾಗಿದ್ದುದೆಂದಾಗಲಿ ನಮ್ಮ ಅರ್ಥವಲ್ಲ. ತಾಯಿಯು ಓದಿ ಮಗಳಿಗೆ ಕೊಟ್ಟುದು, ಹದಿನಾರರಲ್ಲಿ ಓದಿದಾಗ ಒಂದು ಕಥೆಯಾಗಿ ಕಂಡು ನಲವತ್ತರಲ್ಲಿ ಓದಿದಾಗ ನಮ್ಮದೇ ಬಾಳಾಗಿ ಕಾಣುವುದು ಶ್ರೇಷ್ಠವು. ಇದನ್ನು ಪರೀಕ್ಷಿಸಲು ನಲವತ್ತಾದ ಮೇಲೂ ಓದಬೇಕು. ಶಾಲೆಯಲ್ಲಿ ಒಮ್ಮೆ ಓದಿದೆವೆಂದು ಸುಮ್ಮನಿದ್ದರೆ ಸಾಲದು.

ಕಾದಂಬರಿಯ ವಿಷಯದಲ್ಲಿ ನಮ್ಮ ಹಿರಿಯರಿಗೆ ಒಂದು ಸಂಶಯವಿದ್ದಿತು. ಅದು ಹೆಣ್ಣು ಮಕ್ಕಳ ಮನಸ್ಸನ್ನು ಕೆಡಿಸುವುದು, ಕೆಲಸವನ್ನು ಮರೆಸುವುದು ಎಂದು ಹೇಳುತ್ತಿದ್ದರು. ಈಗಲೂ ಮಗಳು ಲೆಕ್ಕದ ಪುಸ್ತಕವನ್ನು ಹಿಡಿದರೆ ಓದುತ್ತಿದ್ದಾಳೆ ಎಂದೂ, ಕಾದಂಬರಿಯನ್ನು ಹಿಡಿದರೆ ಹೊತ್ತು ಕಳೆಯುತ್ತಿದ್ದಾಳೆ ಎಂದೂ ಹೇಳುವ ತಂದೆತಾಯಿಗಳುಂಟು. ಆದರೆ ಕನ್ನಡ ಕಾದಂಬರಿಯ ಚರಿತ್ರೆಯು ಬೇರೆಯದನ್ನೇ ಹೇಳುತ್ತದೆ. ಬನಿಯನ್ನನ ಪ್ರಸಿದ್ಧ ಗ್ರಂಥವು ‘ಯಾತ್ರಿಕನ ಸಂಚಾರ’ ಎಂಬ ಹೆಸರಿನಲ್ಲಿ 1847ರಲ್ಲಿಯೇ ಕನ್ನಡಕ್ಕೆ ಬಂದು, ದೀರ್ಘವಾದ ಗದ್ಯಕಥೆಯನ್ನು ಓದುವ ರೂಢಿಗೆ ದಾರಿಮಾಡಿತು. 1899ರಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದಿತು. ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿ ಎಂದು ಹೆಸರಾದ ಆ ಗ್ರಂಥದ ನಾಯಿಕೆಯು ಎಳೆಯ ವಿಧವೆಯು. ತನಗಾಗಿ ಬೇರೆಯವರು ನಿಶ್ಚಯಿಸಿದ ಬಾಳನ್ನು ಒಲ್ಲೆನೆಂದು ವಿದ್ಯೆಯನ್ನು ಪಡೆದು ಮರುಮದುವೆಯಾಗುವವಳು. ಅಂದರೆ ನಮ್ಮ ಕಾದಂಬರಿಯು ಹುಟ್ಟುವಾಗಲೇ ಹೆಣ್ಣಿನ ವಿದ್ಯೆಯ ಪಕ್ಷವನ್ನು ಹಿಡಿದೇ ಹುಟ್ಟಿತು.

ಬರೆದವರಲ್ಲಿಯೂ ಸ್ತ್ರೀಯರು ಹಿಂದೆ ಬಿದ್ದಿರಲಿಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ ವಿಧವೆಯಾದ ನಂಜನಗೂಡು ತಿರುಮಲಾಂಬಾ ಅವರು ಮನೆಯಲ್ಲಿಯೇ ಓದಿ, 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿ, ‘ಸುಶೀಲೆ’ ಮೊದಲಾದ ಕಾದಂಬರಿಗಳನ್ನು ಪ್ರಕಟಿಸಿದರು. ನಮ್ಮ ಜಿಲ್ಲೆಯ ತೀರ್ಥಹಳ್ಳಿಯಲ್ಲಿ 1917ರಲ್ಲಿ ಜನಿಸಿದ ಎಂ. ಕೆ. ಇಂದಿರಾ ಅವರಿಗೆ ಹನ್ನೆರಡನೆಯ ವಯಸ್ಸಿನಲ್ಲಿ ವಿವಾಹವಾಗಿ ಶಾಲೆಯ ಓದು ನಿಂತುಹೋಯಿತು. ಅವರ ಮೊದಲ ಕಾದಂಬರಿ ‘ತುಂಗಭದ್ರ’ವು ಬೆಳಕು ಕಂಡುದು 1963ರಲ್ಲಿ, ಅಂದರೆ ಸುಮಾರು 46ನೆಯ ವಯಸ್ಸಿನಲ್ಲಿ. ನಡುವೆ ಕಳೆದ ಮೂವತ್ತಕ್ಕೂ ಹೆಚ್ಚಿನ ವರ್ಷಗಳು ಸಂಸಾರದ ವರ್ಷಗಳು. ಹತ್ತನೆಯ ತರಗತಿಯನ್ನು ದಾಟಿದ ನಾವು, ಮದುವೆಯಾಯಿತು, ಮಕ್ಕಳಾದವು, ಇನ್ನೆಲ್ಲಿಯ ಓದು ಎಂದು ಹೇಳುವ ಮೊದಲು ಈ ಇಬ್ಬರನ್ನು ನೆನೆಯುವುದು ಒಳ್ಳೆಯದು.

ಇನ್ನು ನಮ್ಮ ಸೀಮೆಯ ಮಾತು. ಶಿಕಾರಿಪುರ ತಾಲ್ಲೂಕಿನವರಿಗೆ ತಮ್ಮ ಊರುಗಳ ಹಿರಿಮೆಯನ್ನು ಹೇಳಿಕೊಡಬೇಕಾಗಿಲ್ಲ. ಉಡುತಡಿ ಎಂದರೆ ಅಕ್ಕಮಹಾದೇವಿ, ಬಳ್ಳಿಗಾವೆ ಎಂದರೆ ಅಲ್ಲಮಪ್ರಭು, ತಾಳಗುಂದ ಎಂದರೆ ಕದಂಬರ ಸ್ತಂಭಶಾಸನ ಎಂದು ಮಕ್ಕಳೂ ಹೇಳುವರು. ಸೊರಬದವರು ಚಂದ್ರಗುತ್ತಿಯನ್ನೂ ಕುಬಟೂರನ್ನೂ ಅಷ್ಟೇ ಅಭಿಮಾನದಿಂದ ಹೇಳುವರು. ಬಳ್ಳಿಗಾವೆಯ ಕೋಡಿಯಮಠದಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠವು ನಡೆಯುತ್ತಿದ್ದಿತೆಂದೂ, ಬಡವರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದಿತೆಂದೂ 1162ರ ಶಾಸನವು ಹೇಳುತ್ತದೆ. ಓದಿಗೆ ಹೆಸರಾದ ನೆಲವಿದು. ಆದರೆ ಕಲ್ಲಿನ ಮೇಲಿರುವುದನ್ನು ಹೊಗಳುವವರು ಕಾಗದದ ಮೇಲಿರುವುದನ್ನು ತೆರೆಯದಿದ್ದರೆ ಆ ಅಭಿಮಾನಕ್ಕೆ ಬೆಲೆಯೇನು? ಸಿ. ಕೆ. ನಾಗರಾಜರಾಯರು ‘ಪಟ್ಟಮಹಾದೇವಿ ಶಾಂತಲದೇವಿ’ ಎಂಬ ಬೃಹತ್ ಕಾದಂಬರಿಯನ್ನು ಬರೆದು 1983ರಲ್ಲಿ ಮೊದಲನೆಯ ಮೂರ್ತಿದೇವಿ ಪ್ರಶಸ್ತಿಯನ್ನು ಪಡೆದರು. ಅದರಲ್ಲಿ ಶಾಂತಲೆಯು ಬಾಲ್ಯವನ್ನು ಕಳೆಯುವ ಬಲಿಪುರವು ನಮ್ಮ ಬಳ್ಳಿಗಾವೆಯೇ. ಬಸ್ಸಿನಲ್ಲಿ ಹೋಗುವಾಗ ಕೇದಾರೇಶ್ವರ ದೇವಾಲಯವನ್ನು ಕಂಡು ಕೈಮುಗಿಯುವ ನಾವು, ಅದೇ ಊರಿನಲ್ಲಿ ಒಬ್ಬ ಹುಡುಗಿಯು ಓದು, ನಾಟ್ಯ, ಗಾನಗಳನ್ನು ಕಲಿತು ಬೆಳೆದ ಕಥೆಯನ್ನು ಓದಿದರೆ ಆ ಊರು ನಮಗೆ ಎರಡನೆಯ ಸಲ ಹುಟ್ಟಿದಂತಾಗುವುದು.

ಓದಬೇಕಾದ ಗ್ರಂಥಗಳೆಲ್ಲವೂ ನಮ್ಮನ್ನು ಹೊಗಳುವಂತಹವೇ ಆಗಿರಬೇಕೆಂದು ಬಯಸುವುದು ಸರಿಯಲ್ಲ. ಇದು ಮಿಷನ್ ಶಾಲೆಯ ಸಂಚಿಕೆಯಾದುದರಿಂದ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ (1933) ಉಳುವುದಕ್ಕೆ ತುಂಡು ಭೂಮಿಯನ್ನು ಬಯಸಿದ ಚೋಮನು, ಮತವನ್ನು ಬಿಟ್ಟರೆ ಭೂಮಿಯು ದೊರೆತೀತೆಂದು ಹೊರಟು, ಹೋದ ದಾರಿಯಲ್ಲಿಯೇ ಹಿಂದಿರುಗುತ್ತಾನೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ವಿನಲ್ಲಿ (1967) ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡಿಗೆ ಪಾದ್ರಿಯೂ ಬರುತ್ತಾನೆ, ಬೈಸಿಕಲ್ಲೂ ಬರುತ್ತದೆ, ಲೇಖಕರು ಎರಡನ್ನೂ ನಗೆಗಣ್ಣಿನಿಂದಲೂ ವಿಮರ್ಶೆಯ ಕಣ್ಣಿನಿಂದಲೂ ನೋಡುತ್ತಾರೆ. ಇಂತಹ ಪುಟಗಳು ಬಂದಾಗ ನೊಂದುಕೊಂಡು ಪುಸ್ತಕವನ್ನು ಮುಚ್ಚಿಡುವುದು ಸುಲಭ. ಆದರೆ ನೆರೆಯವರ ಜಗಲಿಯಿಂದ ನಮ್ಮ ಮನೆಯು ಹೇಗೆ ಕಾಣುವುದೆಂದು ತಿಳಿಯುವುದಕ್ಕೆ ಕಾದಂಬರಿಗಿಂತ ಒಳ್ಳೆಯ ದಾರಿಯಿಲ್ಲ. ಕ್ರೈಸ್ತ ಮನೆಯ ಹುಡುಗಿಯೂ ಹಿಂದೂ ಮನೆಯ ಹುಡುಗಿಯೂ ಒಂದೇ ಬೆಂಚಿನಲ್ಲಿ ಕುಳಿತು ಕಲಿತ ಶಾಲೆಯಿದು. ಈ ಪುಟಗಳನ್ನು ಕೂಡಿ ಓದಿ, ಕೂಡಿ ಚರ್ಚಿಸುವ ಧೈರ್ಯವು ನಮಗಲ್ಲದೆ ಇನ್ನಾರಿಗೆ ಇರಬೇಕು?

ವ್ರತವನ್ನು ಹೇಗೆ ನಡೆಸಬೇಕೆಂಬುದನ್ನು ಈಗ ಹೇಳುವೆವು. ವರ್ಷಕ್ಕೆ ಐವತ್ತು, ನೂರು ಪುಸ್ತಕಗಳನ್ನು ಓದುವೆವೆಂದು ಸಾರಿ ಎಣಿಸುತ್ತ ಹೋಗುವವರನ್ನು ಕಂಡಿದ್ದೇವೆ. ಅಲ್ಲಿ ಓದು ಹೋಗಿ ಕೊಳಗದಲ್ಲಿ ಭತ್ತ ಅಳೆಯುವ ಕೆಲಸವಾಗುವುದು. ಸೊರಬದ ಗುಡಿಗಾರರು ಶ್ರೀಗಂಧದ ಕೊರಡಿನ ಮೇಲೆ ಒಂದು ಬಳ್ಳಿಯನ್ನು ಬಿಡಿಸುವಾಗ, ಇಂದು ಎಷ್ಟು ಪೆಟ್ಟಿಗೆಗಳಾದವೆಂದು ಲೆಕ್ಕ ಹಾಕುತ್ತ ಕುಳಿತರೆ ಉಳಿಯು ಜಾರುವುದು. ಓದಿಗೂ ಅದೇ ನಿಧಾನವು ಬೇಕು. ಆದುದರಿಂದಲೇ ಆರು ಎಂದೆವು. ಎರಡು ತಿಂಗಳಿಗೆ ಒಂದು. ದಿನಕ್ಕೆ ಹತ್ತು ಪುಟಗಳಂತೆ ಓದಿದರೆ ಏಳುನೂರು ಪುಟಗಳ ಗ್ರಂಥವೂ ಎಪ್ಪತ್ತು ದಿನಗಳಲ್ಲಿ ಮುಗಿಯುವುದು.

ಕಾಲವನ್ನು ನಮ್ಮ ಬೇಸಾಯದ ಕಾಲಕ್ಕೆ ಹೊಂದಿಸಿಕೊಳ್ಳಬೇಕು. ನಾಟಿಯ ದಿನಗಳಲ್ಲಿಯೂ ಅಡಕೆಯ ಕೊಯ್ಲು ಸುಲಿತಗಳ ದಿನಗಳಲ್ಲಿಯೂ ಕೈಗೆ ಬಿಡುವಿರುವುದಿಲ್ಲ. ಆಗ ‘ಚೋಮನ ದುಡಿ’, ‘ಫಣಿಯಮ್ಮ’ಗಳಂತಹ ಚಿಕ್ಕ ಗ್ರಂಥಗಳು ಸಾಕು. ಸುಗ್ಗಿಯು ಮುಗಿದು ಹಗಲು ಉದ್ದವಾದಾಗ ‘ಮಲೆಗಳಲ್ಲಿ ಮದುಮಗಳು’ವನ್ನೂ ಕಾರಂತರ ‘ಮರಳಿ ಮಣ್ಣಿಗೆ’ಯನ್ನೂ ತೆಗೆದುಕೊಳ್ಳಬಹುದು. ಉಳಿದ ಎರಡರಲ್ಲಿ ಒಂದು ‘ಇಂದಿರಾಬಾಯಿ’ಯು, ಇನ್ನೊಂದು ಹೊರನಾಡಿನದು. 1813ರಲ್ಲಿ ಪ್ರಕಟವಾದ ಜೇನ್ ಆಸ್ಟೆನ್ನಳ ಪ್ರಸಿದ್ಧ ಕಾದಂಬರಿಯನ್ನು ದೇಜಗೌ ಅವರು ‘ಹಮ್ಮು ಬಿಮ್ಮು’ ಎಂದು ಕನ್ನಡಕ್ಕೆ ತಂದಿದ್ದಾರೆ. ಐವರು ಹೆಣ್ಣು ಮಕ್ಕಳ ಮದುವೆಯ ಚಿಂತೆಯಲ್ಲಿರುವ ಆ ತಾಯಿಯನ್ನು ಕಂಡರೆ, ಈಕೆಯು ಇಂಗ್ಲೆಂಡಿನವಳೋ ಆನವಟ್ಟಿಯವಳೋ ಎಂಬ ಸಂಶಯವು ಬರುವುದು. ಶಾಂತಲೆಯ ಕಥೆಯು ದೊಡ್ಡದಾದುದರಿಂದ ಎರಡನೆಯ ವರ್ಷಕ್ಕಿರಲಿ.

ಪುಸ್ತಕಕ್ಕೆ ಹಣವೆಲ್ಲಿ ಎನ್ನುವವರಿಗೆ ಒಂದು ಮಾತು. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಗೆ ಅನುಸಾರವಾಗಿ ನಮ್ಮ ಪಟ್ಟಣಗಳ ಮನೆ ಕಂದಾಯದೊಡನೆ ಗ್ರಂಥಾಲಯ ಕರವನ್ನೂ ತೆರುತ್ತಿದ್ದೇವೆ. ಗ್ರಾಮ ಪಂಚಾಯತಿಗಳಲ್ಲಿ ಈಗ ಅರಿವು ಕೇಂದ್ರಗಳೆಂದು ಕರೆಯುವ ಗ್ರಂಥಾಲಯಗಳಿವೆ. ಕರವನ್ನು ಕೊಟ್ಟು ಪುಸ್ತಕವನ್ನು ತಾರದಿರುವುದು, ಹಸುವಿಗೆ ಹಿಂಡಿಯನ್ನು ಹಾಕಿ ಹಾಲು ಕರೆಯದಿರುವಂತೆ. ಬೇಕಾದ ಗ್ರಂಥವು ಅಲ್ಲಿಲ್ಲದಿದ್ದರೆ ಕೇಳಬೇಕು. ನಾಲ್ಕಾರು ಮಂದಿ ಸ್ತ್ರೀಯರು ಕೂಡಿ ಹೋಗಿ ಕೇಳಬೇಕು. ಕೇಳುವವರಿಲ್ಲದ ಕಪಾಟಿನಲ್ಲಿ ಗೆದ್ದಲು ಮಾತ್ರವೇ ಓದುವುದು.

ಈ ವ್ರತಕ್ಕೆ ಹಣಕ್ಕಿಂತಲೂ ದುರ್ಲಭವಾದುದು ಹೊತ್ತು. ಇಲ್ಲಿ ನಾವು ತಂದೆತಾಯಿಗಳನ್ನೂ, ಪತಿಗಳನ್ನೂ, ಅತ್ತೆಯರನ್ನೂ ಉದ್ದೇಶಿಸಿ ಹೇಳಬೇಕಾಗಿದೆ. ಮನೆಯ ಗಂಡಸು ಸಂಜೆ ಪತ್ರಿಕೆಯನ್ನು ಹಿಡಿದು ಕುಳಿತರೆ ಯಾರೂ ಮಾತನಾಡಿಸುವುದಿಲ್ಲ. ಹೆಂಗಸು ಪುಸ್ತಕವನ್ನು ಹಿಡಿದು ಕುಳಿತರೆ, ಈಕೆಗೆ ಬಿಡುವಿದೆ ಎಂದು ತಿಳಿದು ಇನ್ನೊಂದು ಕೆಲಸವನ್ನು ಹೇಳುತ್ತೇವೆ. ಓದುವ ಹೊತ್ತು ಬಿಡುವಿನ ಹೊತ್ತಲ್ಲ, ಅದೂ ಒಂದು ಕೆಲಸ ಎಂದು ಮನೆಯವರೆಲ್ಲರೂ ಒಪ್ಪದ ಹೊರತು ಈ ವ್ರತವು ಯುಗಾದಿಯಿಂದ ಕಾರಹುಣ್ಣಿಮೆಯವರೆಗೂ ನಿಲ್ಲದು. ದಿನಕ್ಕೆ ಅರ್ಧ ಗಂಟೆಯನ್ನು ಕೇಳುತ್ತಿದ್ದೇವೆ. ಆ ಅರ್ಧ ಗಂಟೆಯಲ್ಲಿ ಒಲೆಯ ಮೇಲಿನ ಹಾಲನ್ನು ಬೇರೆಯವರು ನೋಡಿಕೊಳ್ಳಲಿ.

ಸಾಧ್ಯವಾದರೆ ಆ ಹತ್ತು ಪುಟಗಳನ್ನು ಗಟ್ಟಿಯಾಗಿಯೇ ಓದಬೇಕು. ಹಿಂದೆ ನಮ್ಮ ಕಡೆ ಶ್ರಾವಣದಲ್ಲಿ ಕುಮಾರವ್ಯಾಸ ಭಾರತವನ್ನಾಗಲಿ ಜೈಮಿನಿ ಭಾರತವನ್ನಾಗಲಿ ಒಬ್ಬರು ಓದಿ ಹತ್ತು ಮಂದಿ ಕೇಳುತ್ತಿದ್ದರು. ಅಕ್ಷರವನ್ನರಿಯದವರಿಗೂ ಕಾವ್ಯವು ಬಾಯಿಪಾಠವಾಗುತ್ತಿದ್ದಿತು. ಈಗಿನ ಮಕ್ಕಳ ಸ್ಥಿತಿಯು ವಿಪರೀತವಾಗಿದೆ. ಅವರಿಗೆ ಅಕ್ಷರವು ಬರುವುದು. ಆದರೆ ಇಂಗ್ಲಿಷಿನಲ್ಲಿ ಪಾಠಗಳನ್ನು ಕಲಿಯುವ ಹಲವರು ಕನ್ನಡದ ಒಂದು ಪುಟವನ್ನು ಎಡವದೆ ಓದಲಾರರು. ಅವರಿಗೆ ಮನೆಯ ಭಾಷೆಯು ಮಾತಿನಲ್ಲಿದೆ, ಕಣ್ಣಿನಲ್ಲಿಲ್ಲ. ತಾಯಿಯು ಓದುವುದನ್ನು ಅಜ್ಜಿಯೂ ಮೊಮ್ಮಗಳೂ ಒಂದೇ ಚಾಪೆಯ ಮೇಲೆ ಕುಳಿತು ಕೇಳಿದರೆ, ಅಜ್ಜಿಯು ತನಗೆ ಗೊತ್ತಿರುವ ಮಾತುಗಳನ್ನು ಬಿಡಿಸಿ ಹೇಳುವಳು, ಮೊಮ್ಮಗಳು ಅವನ್ನು ಪುಟದ ಮೇಲೆ ಗುರುತಿಸುವಳು. ನಾವು ಓದದಿದ್ದರೆ ನಮ್ಮ ಹಿಂದೆ ಈ ಗ್ರಂಥಗಳನ್ನು ಓದಬಲ್ಲವರೇ ಇಲ್ಲದೆ ಹೋದಾರೆಂಬ ಭಯವು ಸುಳ್ಳಲ್ಲ.

ಇಷ್ಟೆಲ್ಲ ಶ್ರಮದಿಂದ ದೊರೆಯುವ ಫಲವೇನು? ಕಾದಂಬರಿಯು ನೀತಿಯ ಮಾತ್ರೆಯನ್ನು ನುಂಗಿಸುವುದಿಲ್ಲ. ಅದರಿಂದ ಸಂಬಳವೂ ಹೆಚ್ಚುವುದಿಲ್ಲ. ಆದರೆ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ನನ್ನು (1976) ನೋಡಿರಿ. ಬಾಲ್ಯದಲ್ಲಿಯೇ ವಿಧವೆಯಾಗಿ ಮುಡಿಯನ್ನು ಕಳೆದುಕೊಂಡು, ಮಡಿಯಲ್ಲಿ ಬಾಳಿದ ಆ ಹಿರಿಯಳು, ತನ್ನ ಮುಂದೆ ಇನ್ನೊಬ್ಬ ಎಳೆಯ ವಿಧವೆಯು ಅದೇ ವಿಧಿಗೆ ಒಲ್ಲೆನೆಂದಾಗ ಅವಳ ಪಕ್ಷಕ್ಕೆ ನಿಲ್ಲುತ್ತಾಳೆ. ತಾನು ಪಟ್ಟ ಕಷ್ಟವನ್ನು ಬೇರೆಯವರೂ ಪಡಲಿ ಎನ್ನದೆ, ಅದು ತನ್ನೊಡನೆಯೇ ಮುಗಿಯಲಿ ಎನ್ನುವವಳು ಅವಳು. ‘ಮರಳಿ ಮಣ್ಣಿಗೆ’ಯ ಪಾರೋತಿ, ಸರಸೋತಿಯರು ಬಾಯಿಬಿಟ್ಟು ಏನನ್ನೂ ಕೇಳದೆ ಒಂದು ಮನೆತನವನ್ನು ಹೊತ್ತು ನಿಲ್ಲಿಸುತ್ತಾರೆ. ಇಂತಹ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮಂದಿರು ನಮ್ಮ ಮನೆಗಳ ಒಳಗಿನ ಕೋಣೆಗಳಲ್ಲಿಯೂ ಇದ್ದರು. ಅವರು ಬಡಿಸಿದುದನ್ನು ಉಂಡೆವು, ಅವರ ಬಾಳನ್ನು ಕೇಳಲಿಲ್ಲ. ಆ ಬಾಳನ್ನು ಅರಿಯುವ ಕಣ್ಣನ್ನು ಕಾದಂಬರಿಯು ಕೊಡುತ್ತದೆ. ಆ ಕಣ್ಣು ಬಂದ ಮೇಲೆ ಸೊಸೆಯನ್ನು ನೋಡುವ ರೀತಿಯೂ, ಕೆಲಸಕ್ಕೆ ಬರುವ ಹೆಂಗಸನ್ನು ನೋಡುವ ರೀತಿಯೂ ಮೊದಲಿನಂತೆ ಇರಲಾರವು.

ಈ ಶಾಲೆಯು ನಮಗೆ ದಿನಕ್ಕೊಂದು ಪಾಠವನ್ನು ತಪ್ಪದೆ ಓದುವ ಶಿಸ್ತನ್ನು ಕೊಟ್ಟಿತು. ಗಂಟೆ ಬಾರಿಸುವವರು ಈಗ ಯಾರೂ ಇಲ್ಲ. ನಮ್ಮ ಗಂಟೆಯನ್ನು ನಾವೇ ಬಾರಿಸಿಕೊಳ್ಳಬೇಕು. ಶಿಕಾರಿಪುರ, ಸೊರಬಗಳ ಸಹೋದರಿಯರು ಈ ವರ್ಷವೇ ಈ ವ್ರತವನ್ನು ಕೈಗೊಳ್ಳಲಿ. ಮುಂದಿನ ಸಮ್ಮೇಳನದಲ್ಲಿ ಒಬ್ಬರನ್ನೊಬ್ಬರು ಕಂಡಾಗ ಮಕ್ಕಳೆಷ್ಟು, ತೋಟವೆಷ್ಟು ಎಂದು ಕೇಳುವುದರ ಜೊತೆಗೆ, ಈಗ ಯಾವ ಕಾದಂಬರಿಯನ್ನು ಓದುತ್ತಿದ್ದೀರಿ ಎಂದೂ ಕೇಳುವಂತಾಗಲಿ ಎಂದು ಮನಸಾರೆ ಹಾರೈಸುತ್ತೇವೆ.